ಅಪ್‌ಡೇಟ್ ಆದ ಮೇಲೆ ವೈ-ಫೈ ಮಾಯ: ಬೋರ್ಡ್ ಸುಟ್ಟಿದೆಯೇ, ಡ್ರೈವರ್ ಕಾಣೆಯಾಗಿದೆಯೇ?

ಕಾರವಾರದ ಓದುಗರೊಬ್ಬರು ತಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದ ಒಂದು ಸಂದೇಶವನ್ನು ನಮಗೆ ಕಳುಹಿಸಿ, "ಇದನ್ನು ನಂಬಬಹುದೇ?" ಎಂದು ಕೇಳಿದ್ದರು. ಸಂದೇಶದ ಸಾರ ಇಷ್ಟು: ಹೊಸ ಅಪ್‌ಡೇಟ್ ಹಾಕಿದರೆ ನಿಮ್ಮ ಫೋನು, ಲ್ಯಾಪ್‌ಟಾಪಿನ ವೈ-ಫೈ, ಸ್ಪೀಕರ್, ಕ್ಯಾಮೆರಾ ಸುಟ್ಟು ಹೋಗುತ್ತವೆ; ಹೊಸದು ಕೊಳ್ಳಲಿ ಎಂದು ಕಂಪನಿಗಳು ಬೇಕೆಂದೇ ಹೀಗೆ ಮಾಡುತ್ತಿವೆ; ಇಂದೇ ಅಪ್‌ಡೇಟ್ ಶಾಶ್ವತವಾಗಿ ಬಂದ್ ಮಾಡಿ, ಹತ್ತು ಜನರಿಗೆ ಕಳುಹಿಸಿ.

ಇದನ್ನು "ಸುಳ್ಳು" ಎಂದು ಒಂದೇ ಮಾತಿನಲ್ಲಿ ಮುಗಿಸಲು ನಮಗೆ ಮನಸ್ಸಾಗಲಿಲ್ಲ. ಅಪ್‌ಡೇಟ್ ಆದ ಮರುಕ್ಷಣ ವೈ-ಫೈ ಕಾಣೆಯಾಗುವುದು, ಧ್ವನಿ ನಿಲ್ಲುವುದು, ಬೆರಳಚ್ಚು ಓದದಿರುವುದು ನಿಜವಾಗಿಯೂ ನಡೆಯುತ್ತದೆ. ಸಂದೇಶ ತಪ್ಪಿರುವುದು ಕಾರಣ ಹೇಳುವಲ್ಲಿ ಮತ್ತು ಪರಿಹಾರ ಹೇಳುವಲ್ಲಿ. ಆ ತಪ್ಪಿಗೆ ಬೆಲೆಯೂ ಇದೆ. ನಮ್ಮ ತಂಡದಲ್ಲೇ ಒಬ್ಬರ ಮನೆಯವರು ಆ ಬೆಲೆಯನ್ನು ಇನ್ನೇನು ಕೊಡಲಿಕ್ಕಿದ್ದರು.

ಅಂಕೋಲಾದ ಒಂದು ಸಂಜೆ

ನಮ್ಮ ಸಹೋದ್ಯೋಗಿಯೊಬ್ಬರ ಮಾವನ ಮಗಳು ಅಂಕೋಲಾದಿಂದ ದಿನಾ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಪದವಿ ಓದುತ್ತಾಳೆ. ಅವಳದ್ದು ಹಳೆಯ ಲ್ಯಾಪ್‌ಟಾಪ್. ಬ್ಯಾಟರಿ ಸತ್ತು ವರ್ಷವಾಗಿದೆ, ಚಾರ್ಜರ್ ಚುಚ್ಚಿದರಷ್ಟೇ ಓಡುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಬೆಂಬಲ ಇರುವುದಿಲ್ಲ, ವಿಂಡೋಸ್ 11 ಈ ಯಂತ್ರಕ್ಕೆ ಹಿಡಿಯುವುದಿಲ್ಲ ಎಂದು ಗೊತ್ತಾದಾಗ ಗೆಳತಿಯೊಬ್ಬಳ ಸಹಾಯದಿಂದ ಲಿನಕ್ಸ್ ಹಾಕಿಕೊಂಡಿದ್ದಳು. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು.

2025ರ ಜೂನ್ ತಿಂಗಳ ಒಂದು ಸಂಜೆ "ಹೊಸ ಕರ್ನಲ್ ಲಭ್ಯವಿದೆ" ಎಂಬ ಸೂಚನೆ ಬಂತು. ಅವಳು ಒಪ್ಪಿಗೆ ಕೊಟ್ಟಳು. ಇನ್‌ಸ್ಟಾಲ್ ಅರ್ಧದಲ್ಲಿದ್ದಾಗ ಕರೆಂಟು ಹೋಯಿತು, ಯಂತ್ರವೂ ಆರಿತು. ಕರೆಂಟು ಬಂದ ಮೇಲೆ ಲ್ಯಾಪ್‌ಟಾಪ್ ಸರಿಯಾಗಿಯೇ ತೆರೆದುಕೊಂಡಿತು. ಆದರೆ ವೈ-ಫೈ ಗುರುತೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ "ವೈ-ಫೈ ಅಡಾಪ್ಟರ್ ಸಿಗಲಿಲ್ಲ" ಎಂಬ ಸಾಲು ಮಾತ್ರ.

ಮರುದಿನ ಹೋದ ಮೊದಲ ಅಂಗಡಿಯಲ್ಲಿ, ಉಪ್ಪುಗಾಳಿಗೆ ಬೋರ್ಡ್ ಹೋಗಿದೆ, ಎಂಟು ಸಾವಿರ ಆಗುತ್ತದೆ ಎಂದರು. ಎರಡನೆಯ ಅಂಗಡಿಯವರು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿಕೊಡುತ್ತೇವೆ, ಒಳಗಿರುವುದೆಲ್ಲ ಹೋಗುತ್ತದೆ ಎಂದರು. ಒಳಗಿದ್ದದ್ದು ಅವಳ ಆ ವರ್ಷದ ಪ್ರಾಜೆಕ್ಟ್ ವರದಿ. ಅವಳ ತಂದೆ ಬೇಲೆಕೇರಿಯಿಂದ ಹೊರಡುವ ಯಾಂತ್ರೀಕೃತ ದೋಣಿಯೊಂದರಲ್ಲಿ ಕೆಲಸ ಮಾಡುವವರು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಅಂದರೆ ಮನೆಗೆ ಹಣ ಬರದ ಎರಡು ತಿಂಗಳು. ಅಂಥ ಹೊತ್ತಿನಲ್ಲಿ ಎಂಟು ಸಾವಿರ ಎಂದರೆ ಸಾಲ.

ಆ ಲ್ಯಾಪ್‌ಟಾಪಿನ ಯಾವ ಭಾಗವೂ ಹಾಳಾಗಿರಲಿಲ್ಲ. ಸರಿಯಾದದ್ದು ಹೇಗೆ ಎಂದು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ಕರ್ನಲ್ ಎಂದರೇನು ಎಂದು ತಿಳಿಯಬೇಕು.

ಕರ್ನಲ್ ಎಂಬ ಯಜಮಾನ, ಡ್ರೈವರ್ ಎಂಬ ದುಭಾಷಿ

ಫೋನಿರಲಿ, ಲ್ಯಾಪ್‌ಟಾಪಿರಲಿ, ನೀವು ಒತ್ತುವ ಆ್ಯಪ್‌ಗಳು ಕ್ಯಾಮೆರಾವನ್ನಾಗಲಿ ಸ್ಪೀಕರನ್ನಾಗಲಿ ನೇರವಾಗಿ ಮುಟ್ಟುವುದಿಲ್ಲ. ಅವು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಅರ್ಜಿ ಹಾಕುತ್ತವೆ. ಯಾರಿಗೆ ಎಷ್ಟು ಮೆಮೊರಿ, ಯಾರಿಗೆ ಮೈಕ್, ಯಾರಿಗೆ ನೆಟ್ ಎಂದು ಹಂಚುವುದು ಕರ್ನಲ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯಲು ಆರಂಭಿಸಿದ ಲಿನಕ್ಸ್ ಕರ್ನಲ್ ಇಂದು ಎಲ್ಲ ಆಂಡ್ರಾಯ್ಡ್ ಫೋನುಗಳ ಒಳಗೂ ಇದೆ. ಲಿನಕ್ಸ್ ನಮಗೆ ಸಂಬಂಧವಿಲ್ಲದ್ದು ಎಂದುಕೊಂಡವರ ಕಿಸೆಯಲ್ಲೂ ಅದೇ ಓಡುತ್ತಿದೆ.

ಆದರೆ ಕರ್ನಲ್‌ಗೆ ಪ್ರಪಂಚದ ಎಲ್ಲ ಚಿಪ್‌ಗಳ ಭಾಷೆ ಬರುವುದಿಲ್ಲ. ಒಂದೊಂದು ಕಂಪನಿಯ ವೈ-ಫೈ ಚಿಪ್ ಒಂದೊಂದು ಭಾಷೆ ಮಾತಾಡುತ್ತದೆ. ಕಾರವಾರದ ಮೀನು ಮಾರುಕಟ್ಟೆಗೆ ಘಟ್ಟದ ಮೇಲಿನವರು ಬಂದಾಗ ಕೊಂಕಣಿ ಮತ್ತು ಕನ್ನಡ ಎರಡೂ ಬಲ್ಲವರೊಬ್ಬರು ನಡುವೆ ನಿಂತು ವ್ಯಾಪಾರ ಕುದುರಿಸುತ್ತಾರಲ್ಲ, ಆ ಕೆಲಸ ಮಾಡುವ ಸಣ್ಣ ತಂತ್ರಾಂಶವೇ ಡ್ರೈವರ್. ದುಭಾಷಿ ಬಾರದ ದಿನ ಮೀನೂ ಇರುತ್ತದೆ, ಹಣವೂ ಇರುತ್ತದೆ, ವ್ಯಾಪಾರ ಮಾತ್ರ ನಡೆಯುವುದಿಲ್ಲ. "ಅಡಾಪ್ಟರ್ ಸಿಗಲಿಲ್ಲ" ಎಂದು ಕಂಪ್ಯೂಟರ್ ಹೇಳಿದಾಗ ಹೆಚ್ಚಿನ ಸಲ ಆಗಿರುವುದು ಇದು.

ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ಕರ್ನಲ್ ಜತೆಗೇ ಬರುತ್ತವೆ. ಕರ್ನಲ್ ಬದಲಾದಾಗ ಅವೂ ಬದಲಾಗುತ್ತವೆ, ತೊಂದರೆ ಕಡಿಮೆ. ಕೆಲವು ಮಾತ್ರ ಹೊರಗಿನವು. ಹಳೆಯ ಹಲವು ಲ್ಯಾಪ್‌ಟಾಪ್‌ಗಳಲ್ಲಿರುವ ಬ್ರಾಡ್‌ಕಾಮ್ ವೈ-ಫೈ ಚಿಪ್‌ಗಳ ಡ್ರೈವರ್, ಎನ್ವಿಡಿಯಾ ಗ್ರಾಫಿಕ್ಸ್ ಡ್ರೈವರ್, ಪೇಟೆಯಲ್ಲಿ ಸಿಗುವ ಕೆಲವು ಯುಎಸ್‌ಬಿ ವೈ-ಫೈ ಡಾಂಗಲ್‌ಗಳ ಡ್ರೈವರ್ ಈ ಗುಂಪಿನವು. ಪ್ರತಿ ಹೊಸ ಕರ್ನಲ್‌ಗೂ ಇವನ್ನು ನಿಮ್ಮ ಯಂತ್ರದಲ್ಲೇ ಹೊಸದಾಗಿ ಕಟ್ಟಬೇಕು. ಡಿಕೆಎಂಎಸ್ ಎಂಬ ಸಾಧನ ಈ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಮುಗಿಸದಿದ್ದಾಗಲೂ ಸದ್ದು ಮಾಡುವುದಿಲ್ಲ, ಅದೇ ಫಜೀತಿ. ಕಟ್ಟಲು ಬೇಕಾದ ಹೆಡರ್ ಕಡತಗಳು ಬಂದಿರದಿದ್ದರೆ, ಡ್ರೈವರ್ ತೀರಾ ಹಳೆಯದಾಗಿ ಹೊಸ ಕರ್ನಲ್‌ಗೆ ಹೊಂದದಿದ್ದರೆ, ಅಥವಾ ನಮ್ಮ ಹುಡುಗಿಗೆ ಆದಂತೆ ನಡುವೆ ಕರೆಂಟು ಹೋದರೆ, ಹೊಸ ಕರ್ನಲ್ ಬಂದಿರುತ್ತದೆ, ದುಭಾಷಿ ಬಂದಿರುವುದಿಲ್ಲ.

ಇನ್ನೂ ಎರಡು ಕಾರಣ ಆಗಾಗ ಕಾಣಸಿಗುತ್ತವೆ. ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರದಲ್ಲಿ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ರೀಸ್ಟಾರ್ಟ್ ಆಗುವಾಗ ಬರುವ ನೀಲಿ ಪರದೆಯಲ್ಲಿ ಪಾಸ್‌ವರ್ಡ್ ಕೊಟ್ಟು ಒಪ್ಪಿಗೆ ಸೂಚಿಸಬೇಕು, ಗಾಬರಿಯಲ್ಲಿ ಅದನ್ನು ದಾಟಿಸಿದರೆ ಡ್ರೈವರ್ ಹೊರಗೇ ಉಳಿಯುತ್ತದೆ. ಉಬುಂಟುವಿನಲ್ಲಿ ಹಲವು ಡ್ರೈವರ್‌ಗಳು "ಮಾಡ್ಯೂಲ್ಸ್ ಎಕ್ಸ್‌ಟ್ರಾ" ಎಂಬ ಬೇರೆ ಕಟ್ಟಿನಲ್ಲಿರುತ್ತವೆ. ಕರ್ನಲ್ ಬಂದು ಆ ಕಟ್ಟು ಬಾರದಿದ್ದರೆ ವೈ-ಫೈ, ಧ್ವನಿ ಎರಡೂ ಒಟ್ಟಿಗೆ ಹೋಗಬಹುದು. ಒಂದೇ ಸಲ ಎರಡು ಮೂರು ಸೌಲಭ್ಯ ಹೋದದ್ದನ್ನು ನೋಡಿ "ಪೂರ್ತಿ ಬೋರ್ಡೇ ಹೋಯಿತು" ಎಂದುಕೊಳ್ಳುವುದು ಸಹಜ. ನಿಜಕ್ಕೂ ಅದು ಕಟ್ಟೊಂದು ಬಾರದಿರುವ ಲಕ್ಷಣ.

ಉಪ್ಪುಗಾಳಿಯ ಮಾತು ಪೂರ್ತಿ ಸುಳ್ಳಲ್ಲ

ಅಂಗಡಿಯವರನ್ನು ಬೈಯುವುದು ಸುಲಭ. ಆದರೆ ಕಾರವಾರ, ಅಂಕೋಲಾದಂಥ ಊರುಗಳಲ್ಲಿ ಉಪ್ಪುಗಾಳಿ ನಿಜವಾದ ಶತ್ರು. ಗಾಳಿಯಲ್ಲಿ ತೇಲಿ ಬರುವ ಉಪ್ಪಿನ ಕಣ ಮತ್ತು ತೇವ ಸೇರಿ ತಾಮ್ರದ ತಂತಿ, ಬೆಸುಗೆ, ಚಾರ್ಜಿಂಗ್ ಪಿನ್‌ಗಳನ್ನು ನಿಧಾನವಾಗಿ ತಿನ್ನುತ್ತವೆ. ಹಸಿರು ಅಥವಾ ಬಿಳಿ ಪುಡಿಯಂಥದ್ದು ಕಟ್ಟಿಕೊಂಡ ಬೋರ್ಡ್‌ಗಳನ್ನು ರಿಪೇರಿಯವರು ದಿನಾ ನೋಡುತ್ತಾರೆ. ಹಾಗಾಗಿ ವೈ-ಫೈ ಹೋಯಿತು ಎಂದ ಕೂಡಲೇ ಅವರ ಬಾಯಲ್ಲಿ ಅದೇ ಮೊದಲು ಬರುತ್ತದೆ.

ಎರಡನ್ನೂ ಬೇರೆ ಮಾಡಿ ನೋಡಲು ಸಮಯವೇ ಒಳ್ಳೆಯ ಸಾಕ್ಷಿ. ತುಕ್ಕು ಮೆಲ್ಲಗೆ ಬರುತ್ತದೆ. ವೈ-ಫೈ ವಾರಗಟ್ಟಲೆ ಬಿಟ್ಟು ಬಿಟ್ಟು ಹಿಡಿಯುತ್ತದೆ, ಒಂದು ಬದಿ ಒತ್ತಿದರೆ ಬರುತ್ತದೆ, ಬಿಸಿಲಿದ್ದ ದಿನ ಸರಿ ಇದ್ದು ಮಳೆಯ ದಿನ ಕೈಕೊಡುತ್ತದೆ. ಡ್ರೈವರ್ ಕಾಣೆಯಾಗುವುದು ಹೀಗಲ್ಲ. ನಿನ್ನೆ ಸಂಜೆ ಪೂರ್ತಿ ಸರಿ, ಅಪ್‌ಡೇಟ್ ಆಗಿ ಮರಳಿ ಚಾಲೂ ಆದ ಮೇಲೆ ಪೂರ್ತಿ ಇಲ್ಲ, ಎಷ್ಟು ಅಲುಗಾಡಿಸಿದರೂ ವ್ಯತ್ಯಾಸವಿಲ್ಲ. "ಯಾವಾಗಿನಿಂದ?" ಎಂದು ಕೇಳದೆ ಬೋರ್ಡ್ ಬದಲಿಸಲು ಹೇಳುವವರಿಂದ ಲ್ಯಾಪ್‌ಟಾಪ್ ವಾಪಸ್ ಪಡೆಯುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಹಳೆಯ ಕರ್ನಲ್‌ಗೆ ಒಮ್ಮೆ ಹಿಂದಿರುಗಿ ನೋಡಿ

ಲಿನಕ್ಸ್ ಬಳಸುವವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲ ಇದೆ. ಹೊಸ ಕರ್ನಲ್ ಬಂದಾಗ ಹಿಂದಿನದು ಕೂಡಲೇ ಅಳಿಯುವುದಿಲ್ಲ. ಉಬುಂಟು, ಮಿಂಟ್ ಮುಂತಾದವು ಹಿಂದಿನ ಆವೃತ್ತಿಯನ್ನು ಉಳಿಸಿಕೊಂಡಿರುತ್ತವೆ. ಯಂತ್ರ ಚಾಲೂ ಆಗುವಾಗ ಎಸ್ಕೇಪ್ ಕೀಲಿಯನ್ನು (ತೀರಾ ಹಳೆಯ ಯಂತ್ರಗಳಲ್ಲಿ ಶಿಫ್ಟ್ ಕೀಲಿಯನ್ನು) ಒತ್ತಿದರೆ ಗ್ರಬ್ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ "ಅಡ್ವಾನ್ಸ್ಡ್ ಆಪ್ಷನ್ಸ್" ಒಳಗೆ ಹೋದರೆ ಕರ್ನಲ್‌ಗಳ ಸಂಖ್ಯೆಗಳು ಸಾಲಾಗಿ ಕಾಣುತ್ತವೆ. ಮೇಲಿರುವುದು ಹೊಸದು. ಅದರ ಕೆಳಗಿನ ಚಿಕ್ಕ ಸಂಖ್ಯೆಯದನ್ನು ಆರಿಸಿ. ನಿಮ್ಮ ಫೈಲು, ಫೋಟೋ ಯಾವುದಕ್ಕೂ ಇದರಿಂದ ಏನೂ ಆಗುವುದಿಲ್ಲ.

ಹಳೆಯ ಕರ್ನಲ್‌ನಲ್ಲಿ ವೈ-ಫೈ ಬಂದರೆ ವಿಚಾರಣೆ ಮುಗಿಯಿತು. ಸುಟ್ಟ ಚಿಪ್ ಹಳೆಯ ಕರ್ನಲ್‌ನಲ್ಲಿ ಎದ್ದು ಕೂರುವುದಿಲ್ಲ. ಹಾರ್ಡ್‌ವೇರ್ ಗಟ್ಟಿಯಾಗಿದೆ, ಒಂದು ರೂಪಾಯಿಯೂ ಖರ್ಚು ಮಾಡಬೇಕಿಲ್ಲ. ಅಂಕೋಲಾದ ಹುಡುಗಿಗೆ ನಾವು ಫೋನಿನಲ್ಲಿ ಮೊದಲು ಮಾಡಿಸಿದ್ದೂ ಇದನ್ನೇ. ಎಸ್ಕೇಪ್ ಒತ್ತುವ ಗಳಿಗೆ ಹಿಡಿಯಲು ನಾಲ್ಕು ಸಲ ರೀಸ್ಟಾರ್ಟ್ ಮಾಡಬೇಕಾಯಿತು. ಐದನೆಯ ಸಲ ಪಟ್ಟಿ ಬಂತು, ಹಳೆಯದನ್ನು ಆರಿಸಿದಳು, ಅರ್ಧ ನಿಮಿಷದಲ್ಲಿ ಮನೆಯ ವೈ-ಫೈ ಹೆಸರು ಪರದೆಯಲ್ಲಿತ್ತು. ಅವಳು ಮೊದಲು ಮಾಡಿದ ಕೆಲಸ ಪ್ರಾಜೆಕ್ಟ್ ವರದಿಯನ್ನು ತನಗೇ ಇಮೇಲ್ ಮಾಡಿಕೊಂಡದ್ದು. ಅದು ಸರಿಯಾದ ಕ್ರಮ. ರಿಪೇರಿ ಆಮೇಲೆ.

ಇಲ್ಲಿ ಒಂದು ಎಚ್ಚರಿಕೆ. ಜಾಗ ಉಳಿಸಲು "ಬೇಡದ ಕಡತ ಅಳಿಸಿ" ಎನ್ನುವ ಸ್ವಚ್ಛತಾ ಆದೇಶಗಳು ಹಳೆಯ ಕರ್ನಲನ್ನೂ ಅಳಿಸಬಲ್ಲವು. ತೊಂದರೆ ಬಗೆಹರಿಯುವ ತನಕ ಅವುಗಳ ತಂಟೆಗೆ ಹೋಗಬೇಡಿ.

ಹಳೆಯದರಲ್ಲೂ ಬಾರದಿದ್ದರೆ ಚಿಪ್ ಬದುಕಿದೆಯೇ ಎಂದು ನೇರವಾಗಿ ಕೇಳಬಹುದು. ಮುಂದೆ ಬರುವ ಆದೇಶಗಳನ್ನು ನಾವು ಉಚ್ಚರಿಸುವಂತೆ ಕನ್ನಡದಲ್ಲಿ ಬರೆದಿದ್ದೇವೆ; ಟರ್ಮಿನಲ್‌ನಲ್ಲಿ ಬರೆಯುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. "ಎಲ್‌ಎಸ್‌ಪಿಸಿಐ -ಕೆ" ಎಂದು ಕೊಟ್ಟರೆ ಬೋರ್ಡಿಗೆ ಜೋಡಿಸಿದ ಸಾಧನಗಳ ಪಟ್ಟಿ ಬರುತ್ತದೆ. ಅದರಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಎಂಬ ಸಾಲು ಹುಡುಕಿ. ಚಿಪ್‌ನ ಹೆಸರು ಇದ್ದು, ಅದರ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಎಂಬ ಸಾಲು ಇಲ್ಲದಿದ್ದರೆ ಚಿಪ್ ಜೀವಂತವಾಗಿದೆ, ದುಭಾಷಿ ಇಲ್ಲ. ಚಿಪ್‌ನ ಹೆಸರೇ ಇಲ್ಲದಿದ್ದರೆ ಮಾತ್ರ ಹಾರ್ಡ್‌ವೇರ್ ಮೇಲೆ ಅನುಮಾನ ಪಡಬೇಕು. ಆಗಲೂ ಮೊದಲು ಯಂತ್ರ ಆರಿಸಿ, ಚಾರ್ಜರ್ ತೆಗೆದು, ಬ್ಯಾಟರಿ ಕಳಚಲು ಬರುವುದಾದರೆ ಕಳಚಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮಂಪರಿಗೆ ಹೋದ ವೈ-ಫೈ ಚಿಪ್‌ಗಳು ಇದರಿಂದ ಏಳುವುದುಂಟು. ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದರೆ ವಿಂಡೋಸ್‌ನ "ಫಾಸ್ಟ್ ಸ್ಟಾರ್ಟಪ್" ಬಂದ್ ಮಾಡಿ ನೋಡಿ. ಅದು ಯಂತ್ರವನ್ನು ಪೂರ್ತಿ ಆರಿಸದೆ ಅರೆನಿದ್ರೆಗೆ ಕಳಿಸುವುದರಿಂದ ವೈ-ಫೈ ಚಿಪ್ ಲಿನಕ್ಸ್‌ನ ಕೈಗೆ ಸಿಗದೆ ಹೋಗಬಹುದು.

ಹೆಸರೂ ಇದೆ, ಡ್ರೈವರೂ ಇದೆ, ಆದರೂ ವೈ-ಫೈ ಇಲ್ಲವೇ? "ಆರ್‌ಎಫ್‌ಕಿಲ್ ಲಿಸ್ಟ್" ಕೊಟ್ಟು ಯಾವುದಾದರೂ ಸಾಲಿನಲ್ಲಿ ಬ್ಲಾಕ್ ಎದುರು "ಯೆಸ್" ಇದೆಯೇ ನೋಡಿ. ಏರ್‌ಪ್ಲೇನ್ ಮೋಡ್ ಕೀಲಿ ಕೈತಪ್ಪಿ ಒತ್ತಿದ್ದಕ್ಕೆ ಲ್ಯಾಪ್‌ಟಾಪ್ ಹೊತ್ತು ಪೇಟೆಗೆ ಹೋದವರನ್ನು ನಾವು ಬಲ್ಲೆವು.

ನೆಟ್ ಇಲ್ಲದೆ ನೆಟ್‌ನ ಡ್ರೈವರ್ ತರುವುದು ಹೇಗೆ?

ವೈ-ಫೈ ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ವೈ-ಫೈ ಡ್ರೈವರ್ ಬೇಕು. ಇಲ್ಲಿಗೆ ಬಂದಾಗ ಬಹಳ ಜನ ಸೋತು ಫಾರ್ಮ್ಯಾಟ್‌ಗೆ ಒಪ್ಪುತ್ತಾರೆ. ಬಿಡಿಸುವ ಕೀಲಿ ನಿಮ್ಮ ಕೈಯಲ್ಲಿರುವ ಫೋನೇ. ಚಾರ್ಜಿಂಗ್ ಕೇಬಲ್‌ನಿಂದ ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ "ಯುಎಸ್‌ಬಿ ಟೆದರಿಂಗ್" ಆನ್ ಮಾಡಿ. ಲ್ಯಾಪ್‌ಟಾಪ್ ಅದನ್ನು ತಂತಿಯಿಂದ ಬಂದ ನೆಟ್ ಎಂದು ತಿಳಿಯುತ್ತದೆ, ವೈ-ಫೈ ಚಿಪ್‌ನ ಗೊಡವೆಯೇ ಇರುವುದಿಲ್ಲ. ಕೇಬಲ್ ಬರೀ ಚಾರ್ಜಿಂಗ್‌ನದ್ದಾಗಿರಬಾರದು, ಡೇಟಾ ಸಾಗಿಸುವಂಥದ್ದಾಗಿರಬೇಕು. ಇಷ್ಟು ಗೊತ್ತಿದ್ದರೆ ಅರ್ಧ ಗೆದ್ದಂತೆ.

ನಮ್ಮ ಹುಡುಗಿಯ ಯಂತ್ರದಲ್ಲಿ "ಡಿಕೆಎಂಎಸ್ ಸ್ಟೇಟಸ್" ಕೊಟ್ಟಾಗ ವೈ-ಫೈ ಡ್ರೈವರ್ ಹಳೆಯ ಕರ್ನಲ್‌ಗೆ ಮಾತ್ರ ಕಟ್ಟಲ್ಪಟ್ಟಿತ್ತು, ಹೊಸದರ ಎದುರು ಅದರ ಹೆಸರಿರಲಿಲ್ಲ. ಕರೆಂಟು ಹೋದಾಗ ಉಳಿದ ಅರ್ಧ ಕೆಲಸವನ್ನು ಮುಗಿಸುವ ಆದೇಶವೊಂದಿದೆ: "ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ". ಅದನ್ನು ಕೊಟ್ಟಳು. ಎರಡು ನಿಮಿಷ ಸಾಲುಗಳು ಓಡಿದವು. ರೀಸ್ಟಾರ್ಟ್ ಮಾಡಿದಾಗ ಹೊಸ ಕರ್ನಲ್‌ನಲ್ಲೇ ವೈ-ಫೈ ಬಂತು. ಖರ್ಚಾದದ್ದು ಫೋನ್ ಕರೆಯ ಮುಕ್ಕಾಲು ಗಂಟೆ.

ಎಲ್ಲರಿಗೂ ಇಷ್ಟು ಸಲೀಸಾಗಿ ಆಗುವುದಿಲ್ಲ ಎಂದೂ ಹೇಳಬೇಕು. ಡ್ರೈವರ್ ಹೊಸ ಕರ್ನಲ್‌ಗೆ ಹೊಂದುವಂತೆ ತಿದ್ದುಪಡಿಯೇ ಆಗಿಲ್ಲದಿದ್ದರೆ ಯಾವ ಆದೇಶವೂ ಸಹಾಯಕ್ಕೆ ಬರುವುದಿಲ್ಲ. ಆಗ ಕೆಲವು ವಾರ ಹಳೆಯ ಕರ್ನಲ್‌ನಲ್ಲೇ ಇದ್ದು ತಿದ್ದುಪಡಿಗೆ ಕಾಯಬೇಕು. ನಾಚಿಕೆಪಡುವಂಥದ್ದೇನಿಲ್ಲ. ನಮ್ಮ ಗಡಿಯಾಚೆ ಕೇರಳದ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ, ಕಂಪ್ಯೂಟರ್ ಪಾಠ ನಡೆಯುವುದು ಅಲ್ಲಿನ ಸರ್ಕಾರಿ ಸಂಸ್ಥೆ ಕೈಟ್ ಸಿದ್ಧಪಡಿಸಿದ ಉಬುಂಟು ಆಧಾರಿತ ಲಿನಕ್ಸ್‌ನಲ್ಲಿ. ಅವರು ಉಬುಂಟುವಿನ ದೀರ್ಘಾವಧಿ ಆವೃತ್ತಿಯೊಂದನ್ನು ಹಿಡಿದು ವರ್ಷಗಟ್ಟಲೆ ಅದರಲ್ಲೇ ಇರುತ್ತಾರೆ. ಪ್ರತಿ ಆರು ತಿಂಗಳಿಗೆ ಬರುವ ಹೊಸದರ ಹಿಂದೆ ಓಡುವುದಿಲ್ಲ. ಸಾವಿರಾರು ತರಗತಿಗಳ ಪ್ರೊಜೆಕ್ಟರು, ಸ್ಪೀಕರು ಕೆಲಸ ಮಾಡಬೇಕಾದಾಗ ಇದೇ ಸರಿಯಾದ ದಾರಿ.

ವಿಂಡೋಸ್‌ನಲ್ಲೂ ಇದೇ ಕಥೆ

ವಿಂಡೋಸ್ 10ಕ್ಕೆ ಬೆಂಬಲ ನಿಂತ ಅದೇ ದಿನ, 2025ರ ಅಕ್ಟೋಬರ್ 14ರಂದು, ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ಒಂದು ಭದ್ರತಾ ಅಪ್‌ಡೇಟ್ ಬಿಟ್ಟಿತು. ಅದನ್ನು ಹಾಕಿದ ಯಂತ್ರಗಳಲ್ಲಿ ದುರಸ್ತಿಗೆಂದು ಇರುವ ರಿಕವರಿ ಪರದೆಗೆ ಹೋದರೆ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಸತ್ತಂತಿದ್ದವು. ವಿಚಿತ್ರವೆಂದರೆ ಅದೇ ಕೀಬೋರ್ಡ್, ಅದೇ ಮೌಸ್ ಮಾಮೂಲಿ ವಿಂಡೋಸ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದವು. ಅಕ್ಟೋಬರ್ 20ರಂದು ಮೈಕ್ರೋಸಾಫ್ಟ್ ತುರ್ತು ತಿದ್ದುಪಡಿ ಕೊಟ್ಟಿತು, ಸರಿಯಾಯಿತು. ಅದೇ ವರ್ಷದ ಜನವರಿಯ ಅಪ್‌ಡೇಟ್ ಕೆಲವು ಯುಎಸ್‌ಬಿ ಆಡಿಯೊ ಸಾಧನಗಳ ಧ್ವನಿಯನ್ನು ನಿಲ್ಲಿಸಿತ್ತು. ಸಾಧನ ಸುಟ್ಟಿದ್ದರೆ ಹೊಸ ಅಪ್‌ಡೇಟ್‌ನಿಂದ ಮರಳಿ ಬರುತ್ತಿರಲಿಲ್ಲ.

ವಿಂಡೋಸ್‌ನಲ್ಲಿ ನಿಮ್ಮ ಕೈಯಲ್ಲಿರುವ ಉಪಾಯಗಳು: ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ "ರೋಲ್ ಬ್ಯಾಕ್ ಡ್ರೈವರ್", ಅಪ್‌ಡೇಟ್ ಇತಿಹಾಸದಲ್ಲಿ ಇತ್ತೀಚಿನದನ್ನು ಅನ್‌ಇನ್‌ಸ್ಟಾಲ್ ಮಾಡುವುದು, ಇಡೀ ಆವೃತ್ತಿ ಬದಲಾಗಿದ್ದರೆ ಹತ್ತು ದಿನಗಳೊಳಗೆ "ಗೋ ಬ್ಯಾಕ್". ಗ್ರಾಮ ಒನ್ ಕೇಂದ್ರಗಳಲ್ಲಿ ಕೆಲಸ ಮಾಡುವವರು ಇದನ್ನು ಗಮನಿಸಬೇಕು. ಕಂಪ್ಯೂಟರ್ ಅಪ್‌ಡೇಟ್ ಆದ ಬೆಳಿಗ್ಗೆ ಬೆರಳಚ್ಚು ಸಾಧನ ಓದದಿದ್ದರೆ ಸಾಧನ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಅದರ ಡ್ರೈವರ್ ಮತ್ತು ಆಧಾರ್‌ಗೆ ಬೇಕಾದ ಆರ್‌ಡಿ ಸರ್ವಿಸ್ ಎರಡನ್ನೂ ತಯಾರಕರ ಅಧಿಕೃತ ತಾಣದಿಂದ ಹೊಸದಾಗಿ ಹಾಕಿ ನೋಡಿ. ಪಿಂಚಣಿಗೆ ಬಂದ ಅಜ್ಜಿಯನ್ನು "ಮಿಷನ್ ಸರಿ ಇಲ್ಲ, ನಾಳೆ ಬನ್ನಿ" ಎಂದು ಕಳುಹಿಸಿದರೆ ಅವರ ಬಸ್ ಖರ್ಚನ್ನು ಯಾರೂ ಕೊಡುವುದಿಲ್ಲ.

ಹಾಗಾದರೆ ಅಪ್‌ಡೇಟ್ ಹಾರ್ಡ್‌ವೇರನ್ನು ಎಂದೂ ಕೆಡಿಸುವುದಿಲ್ಲವೇ?

ಕೆಡಿಸಿದ ಉದಾಹರಣೆಗಳಿವೆ, ಮುಚ್ಚಿಡುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಉಬುಂಟು 17.10ರ ಕರ್ನಲ್‌ನಲ್ಲಿದ್ದ ಒಂದು ಡ್ರೈವರ್ ಲೆನೊವೊ ಮುಂತಾದ ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್ ಅನ್ನು ಹಾಳುಗೆಡವಿತು. ಕ್ಯಾನೊನಿಕಲ್ ಕಂಪನಿ ಆ ಆವೃತ್ತಿಯ ಡೌನ್‌ಲೋಡನ್ನೇ ಹಿಂತೆಗೆದುಕೊಂಡಿತು. 2022ರಲ್ಲಿ ಲಿನಕ್ಸ್ 5.19.12 ಕರ್ನಲ್ ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳ ಪರದೆಯನ್ನು ಮಿಣಮಿಣ ಎನಿಸಿದಾಗ, ಇದು ಪರದೆಗೆ ಹಾನಿ ಮಾಡಬಹುದು ಎಂದು ಇಂಟೆಲ್‌ನ ಎಂಜಿನಿಯರ್ ಒಬ್ಬರೇ ಎಚ್ಚರಿಸಿದರು, ಬೆನ್ನಿಗೇ 5.19.13 ಬಂತು.

ಫೋನ್‌ಗಳಲ್ಲಿ ಇನ್ನೂ ಹತ್ತಿರದ ಉದಾಹರಣೆ ಇದೆ. 2025ರ ಜನವರಿಯಲ್ಲಿ ಗೂಗಲ್ ತನ್ನ ಪಿಕ್ಸೆಲ್ 4ಎ ಫೋನ್‌ಗೆ ಕಳಿಸಿದ ಅಪ್‌ಡೇಟ್ ಕೆಲವು ಫೋನ್‌ಗಳ ಬ್ಯಾಟರಿ ಸಾಮರ್ಥ್ಯವನ್ನು ಬೇಕೆಂದೇ ಕಡಿಮೆ ಮಾಡಿತು. ಅದು ಬ್ಯಾಟರಿಯ ಸ್ಥಿರತೆಗಾಗಿ ಎಂದು ಕಂಪನಿ ಹೇಳಿ, ಬ್ಯಾಟರಿ ಬದಲಿಸಿಕೊಡುವಂಥ ಪರಿಹಾರಗಳನ್ನು ಮುಂದಿಟ್ಟಿತು. 2017ರಲ್ಲಿ ಆ್ಯಪಲ್, ಬ್ಯಾಟರಿ ಹಳತಾದ ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದನ್ನು ಒಪ್ಪಿಕೊಂಡಿತು. ಅಪ್‌ಡೇಟ್ ನಂತರ ಪರದೆಯ ಮೇಲೆ ಹಸಿರು ಗೆರೆ ಬಂತು ಎಂಬ ದೂರುಗಳು ಭಾರತದಲ್ಲಿ ಹೆಚ್ಚಾದಾಗ ಒನ್‌ಪ್ಲಸ್ 2024ರಲ್ಲಿ ಅಂಥ ಪರದೆಗಳಿಗೆ ಉಚಿತ ಬದಲಾವಣೆಯ ಭರವಸೆ ಕೊಟ್ಟಿತು. ಹಸಿರು ಗೆರೆ ಬಂದ ಪರದೆಗೆ ರೀಸೆಟ್ ಔಷಧಿಯಲ್ಲ. ಅಲ್ಲಿ ಪರದೆಯನ್ನೇ ಬದಲಿಸಬೇಕು, ಅಧಿಕೃತ ಸೇವಾ ಕೇಂದ್ರದಲ್ಲಿ ಉಚಿತವಾಗಿ ಆಗುತ್ತದೆಯೇ ಎಂದು ವಿಚಾರಿಸದೆ ಹೊರಗೆ ಹಣ ಕೊಡಬಾರದು.

ಆದ್ದರಿಂದ ಫಾರ್ವರ್ಡ್ ಸಂದೇಶ ಗಾಳಿಯಲ್ಲಿ ಹುಟ್ಟಿದ್ದಲ್ಲ. ವಿರಳವಾದ ಕೆಲವು ನಿಜ ಘಟನೆಗಳನ್ನು ಹಿಡಿದು ಪ್ರತಿ ಅಪ್‌ಡೇಟ್‌ಗೂ ಅನ್ವಯಿಸಿದೆ.

ಫೋನಿನಲ್ಲಿ ಏನು ಮಾಡಬಹುದು?

ಫೋನಿನಲ್ಲಿ ಹಳೆಯ ಕರ್ನಲ್ ಆರಿಸುವ ಪಟ್ಟಿ ನಮ್ಮ ಕೈಗೆ ಸಿಗುವುದಿಲ್ಲ. 2016ರ ಆಂಡ್ರಾಯ್ಡ್ 7ರಿಂದ ಹಲವು ಫೋನುಗಳಲ್ಲಿ ವ್ಯವಸ್ಥೆಯ ಎರಡು ಪ್ರತಿಗಳಿರುತ್ತವೆ. ಹೊಸದು ತೆರೆಯದೇ ಹೋದರೆ ಫೋನ್ ತಾನೇ ಹಳೆಯದಕ್ಕೆ ಮರಳುತ್ತದೆ. ಆದರೆ ಹೊಸದು ತೆರೆದು, ಕ್ಯಾಮೆರಾ ಮಾತ್ರ ಬಾರದಿದ್ದರೆ ಫೋನ್‌ಗೆ ಅದು ಸೋಲೆಂದು ಅನಿಸುವುದಿಲ್ಲ. ಹಿಂದಿನ ಆವೃತ್ತಿಗೆ ಇಳಿಯುವುದನ್ನು ಭದ್ರತೆಯ ಕಾರಣಕ್ಕೆ ಹೆಚ್ಚಿನ ಕಂಪನಿಗಳು ತಡೆದಿರುತ್ತವೆ. ಇಳಿಸಿಕೊಡುತ್ತೇವೆ ಎನ್ನುವ ಯೂಟ್ಯೂಬ್ ವಿಡಿಯೊ ಹಿಂದೆ ಹೋಗಿ ಫೋನನ್ನೇ ಕಲ್ಲು ಮಾಡಿಕೊಳ್ಳಬೇಡಿ.

ಮೊದಲು ಬರೀ ರೀಸ್ಟಾರ್ಟ್. ಆಮೇಲೆ ಸೇಫ್ ಮೋಡ್: ನೀವು ಹಾಕಿದ ಆ್ಯಪ್‌ಗಳನ್ನೆಲ್ಲ ಪಕ್ಕಕ್ಕಿಟ್ಟು ಫೋನ್ ತೆರೆಯುತ್ತದೆ. ಅಲ್ಲಿ ಮೈಕ್ ಅಥವಾ ಕ್ಯಾಮೆರಾ ನಡೆದರೆ ತಪ್ಪು ಯಾವುದೋ ಆ್ಯಪ್‌ನದ್ದು. ವೈ-ಫೈ, ಬ್ಲೂಟೂತ್ ತೊಂದರೆಗೆ "ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್" ಮಾಡಬಹುದು. ಉಳಿಸಿದ ವೈ-ಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ಫೋಟೋಗಳಿಗೆ ಏನೂ ಆಗುವುದಿಲ್ಲ. ಹಲವು ಸ್ಯಾಮ್ಸಂಗ್ ಫೋನುಗಳಲ್ಲಿ ಡಯಲ್ ಮಾಡುವ ಜಾಗದಲ್ಲಿ *#0*# ಒತ್ತಿದರೆ ಸ್ಪೀಕರ್, ಕ್ಯಾಮೆರಾ, ಸೆನ್ಸರ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವ ಪರದೆ ಬರುತ್ತದೆ. ಅಲ್ಲಿ ಸ್ಪೀಕರ್ ಕೂಗಿದರೆ ಅದು ಸುಟ್ಟಿಲ್ಲ. ಸಿಮ್ ಸಿಗ್ನಲ್ಲೇ ಇಲ್ಲದಿದ್ದರೆ *#06# ಒತ್ತಿ ಐಎಂಇಐ ಸಂಖ್ಯೆ ಬರುತ್ತದೆಯೇ ನೋಡಿ. ಖಾಲಿ ಬಂದರೆ ಸೇವಾ ಕೇಂದ್ರಕ್ಕೆ ಹೋಗಲೇಬೇಕು. ಫ್ಯಾಕ್ಟರಿ ರೀಸೆಟ್ ಎಲ್ಲಕ್ಕೂ ಕೊನೆಯದು, ಅದೂ ಬ್ಯಾಕಪ್ ಆದ ಮೇಲೆ.

ಕೋಡ್‌ಗಳ ಮಾತು ಬಂದಾಗ ಇದನ್ನೂ ಹೇಳಬೇಕು. ಅಪ್‌ಡೇಟ್ ಆದ ಮೇಲೆ ನೆಟ್‌ವರ್ಕ್ ಸರಿಮಾಡಲು *401* ಒತ್ತಿ ಈ ನಂಬರ್ ಸೇರಿಸಿ ಎಂದು ಯಾರಾದರೂ ಹೇಳಿದರೆ ಅದು ಮೋಸ. ಆ ಕೋಡ್ ನಿಮ್ಮ ಕರೆಗಳನ್ನು ಬೇರೆಯವರ ನಂಬರ್‌ಗೆ ತಿರುಗಿಸುವಂಥದ್ದು, ಬ್ಯಾಂಕಿನ ಒಟಿಪಿ ಕರೆಯೂ ಅಲ್ಲಿಗೇ ಹೋಗಬಹುದು. ಇದರ ದುರುಪಯೋಗ ಹೆಚ್ಚಿದ್ದರಿಂದಲೇ ದೂರಸಂಪರ್ಕ ಇಲಾಖೆ ಇಂಥ ಕೋಡ್‌ಗಳ ಮೂಲಕ ಕರೆ ತಿರುಗಿಸುವ ಸೇವೆಯನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ಕಂಪನಿಗಳಿಗೆ ಸೂಚಿಸಿತು. ವಾಟ್ಸಾಪ್‌ನಲ್ಲಿ ಎಪಿಕೆ ಕಡತವಾಗಿ ಬರುವ "ಅಪ್‌ಡೇಟ್" ಕೂಡ ಇದೇ ಜಾತಿಯದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅಪ್‌ಡೇಟ್ ಶಾಶ್ವತವಾಗಿ ಬಂದ್ ಮಾಡಿದರೆ?

ಸಂದೇಶದ ಅತ್ಯಂತ ಅಪಾಯಕಾರಿ ಭಾಗ ಇದೇ. ಕರ್ನಲ್ ಅಪ್‌ಡೇಟ್ ಬರುವುದು ಹೊಸ ಬಣ್ಣ ತೋರಿಸಲು ಅಲ್ಲ, ಹೆಚ್ಚಿನ ಸಲ ರಂಧ್ರ ಮುಚ್ಚಲು. ಲಿನಕ್ಸ್ ಕರ್ನಲ್‌ನಲ್ಲಿ 2007ರಿಂದ ಉಳಿದಿದ್ದ "ಡರ್ಟಿ ಕೌ" ಎಂಬ ದೋಷವನ್ನು 2016ರ ಅಕ್ಟೋಬರ್‌ನಲ್ಲಿ ಸರಿಪಡಿಸಲಾಯಿತು. ಮರುವರ್ಷ ಅದೇ ದೋಷವನ್ನು ಬಳಸಿ ಆಂಡ್ರಾಯ್ಡ್ ಫೋನುಗಳ ಒಳಹೊಕ್ಕ ಝಡ್‌ಎನ್‌ಐಯು ಎಂಬ ಕುತಂತ್ರಾಂಶವನ್ನು ಟ್ರೆಂಡ್ ಮೈಕ್ರೊ ಸಂಸ್ಥೆ ಪತ್ತೆ ಮಾಡಿತು. ಅದಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಚೀನಾ ಮತ್ತು ಭಾರತದವರು. ಮದ್ದು ಬಂದು ತಿಂಗಳುಗಳಾಗಿದ್ದವು, ಆ ಫೋನುಗಳಿಗೆ ತಲುಪಿರಲಿಲ್ಲ.

ಹಾಗಾಗಿ ನಾವು ಮಾಡುವುದು ಇಷ್ಟು. ಭದ್ರತಾ ಅಪ್‌ಡೇಟ್ ತಪ್ಪಿಸುವುದಿಲ್ಲ. ದೊಡ್ಡ ಆವೃತ್ತಿ ಬದಲಾವಣೆಯನ್ನು ಒಂದೆರಡು ವಾರ ತಡೆದು, ಅದೇ ಮಾದರಿಯ ಯಂತ್ರ ಬಳಸುವವರು ಏನು ಹೇಳುತ್ತಾರೆ ಎಂದು ನೋಡಿ ಹಾಕಿಕೊಳ್ಳುತ್ತೇವೆ. ಪರೀಕ್ಷೆ, ಅರ್ಜಿಯ ಕೊನೆಯ ದಿನದ ಹಿಂದಿನ ರಾತ್ರಿ ಅಪ್‌ಡೇಟ್ ಮಾಡುವುದಿಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಇರುವವರು ಗುಡುಗು ಕೇಳಿಸುತ್ತಿರುವಾಗ ಮಾಡಲೇಬಾರದು.

ಅಂಕೋಲಾದ ಲ್ಯಾಪ್‌ಟಾಪ್ ಈಗಲೂ ನಡೆಯುತ್ತಿದೆ. ಆಗಸ್ಟ್‌ನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ ಅವಳಪ್ಪ ಹೊಸ ಬ್ಯಾಟರಿ ಕೊಡಿಸಿದರು. ಮುಂದಿನ ಕರ್ನಲ್ ಅಪ್‌ಡೇಟ್ ಬಂದಾಗ ಅವಳು ನಮಗೆ ಫೋನ್ ಮಾಡಲಿಲ್ಲ.